ಹೆಡರ್ ಅಂಕಗಳು: ಇ-ಮೇಲಿಗೊಂದು ಜರಡಿ

ಲಕೋಟೆಯನ್ನು ಒಡೆಯುವ ಮುನ್ನವೇ ಅದರ ಮೇಲಿನ ಮುದ್ರೆ, ವಿಳಾಸಗಳನ್ನು ನೋಡಿ ಪತ್ರದ ಬಗೆಯನ್ನು ಊಹಿಸುವುದುಂಟು. ಇ-ಮೇಲಿಗೂ ಅಂಥದೊಂದು ಹೊರಮೈ ಇರುತ್ತದೆ, ಅದೇ ಹೆಡರ್. ಕಳುಹಿಸಿದವರ ವಿಳಾಸ, ವಿಷಯ, ದಿನಾಂಕ, ಪತ್ರವು ಹಾದುಬಂದ ಸರ್ವರ್‌ಗಳು ಅದರಲ್ಲಿ ನಮೂದಾಗಿರುತ್ತವೆ. ಬೇಡದ ಪತ್ರಗಳನ್ನು, ಎಂದರೆ ಸ್ಪ್ಯಾಮನ್ನು, ಬೇರ್ಪಡಿಸುವಲ್ಲಿ ಈ ನಮೂದುಗಳು ಬಹಳ ಉಪಯುಕ್ತವಾದವು.

ಇಂಥ ಜರಡಿಗಳಲ್ಲಿ ಸ್ಪ್ಯಾಮ್‌ಅಸ್ಯಾಸಿನ್ ಹೆಸರಾದುದು. ಜಸ್ಟಿನ್ ಮೇಸನ್ ಎಂಬವರು ೨೦೦೧ರಲ್ಲಿ ಹೊರತಂದ ಈ ತಂತ್ರಾಂಶವು ಮುಂದೆ ಅಪಾಚೆ ಪ್ರತಿಷ್ಠಾನದ ಆಶ್ರಯಕ್ಕೆ ಸೇರಿತು. ಯಾವುದೇ ಒಂದು ಲಕ್ಷಣವನ್ನು ನಂಬಿ ತೀರ್ಪು ಕೊಡದಿರುವುದು ಇದರ ವೈಶಿಷ್ಟ್ಯ. ಪ್ರತಿಯೊಂದು ನಿಯಮಕ್ಕೂ ಒಂದು ಅಂಕವುಂಟು. ಹೊಂದಿಕೆಯಾದ ನಿಯಮಗಳ ಅಂಕಗಳು ಕೂಡಿ, ಸಾಮಾನ್ಯವಾಗಿ ೫ನ್ನು ಮುಟ್ಟಿದರೆ ಪತ್ರಕ್ಕೆ ಸ್ಪ್ಯಾಮ್ ಎಂಬ ಗುರುತು ಬೀಳುತ್ತದೆ. ನಂಬತಕ್ಕ ಲಕ್ಷಣಗಳಿಗೆ ಋಣ ಅಂಕವೂ ಇದೆ.

ಸ್ವಂತ ನಿಯಮವನ್ನು ಬರೆಯಲು ಮೂರು ಸಾಲು ಸಾಕು. ಮೊದಲನೆಯದರಲ್ಲಿ ನಿಯಮದ ಹೆಸರು, ನೋಡಬೇಕಾದ ಹೆಡರ್, ಹುಡುಕಬೇಕಾದ ಪದವಿನ್ಯಾಸ, ಎರಡನೆಯದರಲ್ಲಿ ವಿವರಣೆ, ಮೂರನೆಯದರಲ್ಲಿ ಅಂಕ. ವಿಷಯದ ಸಾಲಿನಲ್ಲಿ 'ಲಾಟರಿ' ಎಂದಿದ್ದರೆ ೧.೫ ಎಂದು ವಿಧಿಸಬಹುದು. ಅಂಕವನ್ನು ಬರೆಯದೆ ಬಿಟ್ಟರೆ ೧ ಎಂದೇ ಎಣಿಕೆ. ಬರೆದ ನಿಯಮವನ್ನು ಲಿಂಟ್ ಎಂಬ ಪರೀಕ್ಷೆಗೆ ಒಡ್ಡಬೇಕು. ಆದರೆ ಅದು ನೋಡುವುದು ಬರವಣಿಗೆಯ ರೀತಿಯನ್ನು ಮಾತ್ರ. ವ್ಯಾಕರಣ ಶುದ್ಧವಾದ ವಾಕ್ಯವೆಲ್ಲ ಸತ್ಯವಲ್ಲವೆಂಬುದನ್ನು ಉಪಾಧ್ಯಾಯರಿಗೆ ಬೇರೆ ಹೇಳಬೇಕಾಗಿಲ್ಲ.

೨೦೧೦ರ ಜನವರಿ ೧ರಂದು ಇದು ಪ್ರತ್ಯಕ್ಷವಾಯಿತು. ಪಟ್ಟಿಯಲ್ಲಿ ಮೇಲೆಯೇ ಕಾಣಿಸಲೆಂದು ಸ್ಪ್ಯಾಮ್ ಕಳುಹಿಸುವವರು ಮುಂದಿನ ದಿನಾಂಕವನ್ನು ಹಾಕುವುದುಂಟು. ಅದನ್ನು ಹಿಡಿಯಲು, ೨೦೧೦ರಿಂದ ೨೦೯೯ರವರೆಗಿನ ಯಾವ ವರ್ಷವಿದ್ದರೂ ಅದು ದೂರದ ಭವಿಷ್ಯವೆಂದು ತಿಳಿಯುವ ನಿಯಮವೊಂದು ಸ್ಪ್ಯಾಮ್‌ಅಸ್ಯಾಸಿನ್‌ನೊಂದಿಗೇ ಬರುತ್ತಿತ್ತು. ಬರೆದಾಗ ಅದು ಸರಿಯೇ. ಹೊಸ ವರ್ಷ ಹುಟ್ಟಿದೊಡನೆ, ಸರಿಯಾದ ದಿನಾಂಕ ಹೊತ್ತ ಪ್ರಾಮಾಣಿಕ ಪತ್ರಗಳಿಗೂ ಅನೇಕ ಸರ್ವರ್‌ಗಳಲ್ಲಿ ಮೂರಕ್ಕೂ ಮಿಕ್ಕ ಅಂಕ ಬಿದ್ದಿತು! ಮತ್ತೆರಡು ಸಣ್ಣ ದೋಷಗಳು ಸೇರಿದರೆ ಉದ್ಯೋಗದ ಕರೆಯೂ ವೈದ್ಯರ ವರದಿಯೂ ಕಸದ ಬುಟ್ಟಿಗೆ ಸೇರುವ ಸ್ಥಿತಿ. ತಿದ್ದುಪಡಿ ಅಂದೇ ಹೊರಟಿತಾದರೂ, ಅದನ್ನು ಪಡೆಯದ ಸರ್ವರ್‌ಗಳಲ್ಲಿ ತೊಂದರೆ ಉಳಿಯಿತು.

ಒಂದು ಸ್ಪ್ಯಾಮ್ ಒಳಬಂದರೆ ಅಳಿಸಬಹುದು. ಕಾಣದೆ ಹೋದ ಪತ್ರಕ್ಕೆ ಉತ್ತರಿಸುವವರಾರು? ಆದುದರಿಂದ ಬಲ್ಲವರು ಹೊಸ ನಿಯಮಕ್ಕೆ ಮೊದಲು ೦.೦೧ರಷ್ಟು ಹೆಸರಿಗೆ ಮಾತ್ರದ ಅಂಕವನ್ನು ಕೊಟ್ಟು, ಅದು ಯಾವ ಯಾವ ಪತ್ರಗಳಿಗೆ ತಗಲುತ್ತದೆಂದು ಕೆಲವು ದಿನ ನೋಡುತ್ತಾರೆ. ಪತ್ರಕ್ಕೆ ಸೇರಿಸಲ್ಪಡುವ ಎಕ್ಸ್-ಸ್ಪ್ಯಾಮ್-ಸ್ಟೇಟಸ್ ಎಂಬ ಹೆಡರಿನಲ್ಲಿ ಒಟ್ಟು ಅಂಕವೂ, ತಗಲಿದ ನಿಯಮಗಳ ಹೆಸರುಗಳೂ ಇರುತ್ತವೆ. ಒಳ್ಳೆಯ ಪತ್ರಗಳಲ್ಲಿ ಆ ಹೆಸರು ಕಾಣದಿದ್ದಾಗ ಮಾತ್ರ ಅಂಕವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತಾರೆ.