ಬ್ರೌಸರ್‌ನಲ್ಲಿ ಚಾಟ್‌ಬಾಟ್: ಸಂಧಿಯಲ್ಲಿ ಎಡವಿದ ಒಂದು ಪಾಠ

ಬೋಧನಾಭ್ಯಾಸದಲ್ಲಿ ಒಂಬತ್ತನೇ ತರಗತಿಗೆ ಎರಡು ಅವಧಿಗಳಲ್ಲಿ ಮಾಡಿದ ಪಾಠವಿದು. ಶಾಲಾ ಗ್ರಂಥಾಲಯದ ಬಗ್ಗೆ ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಉತ್ತರಿಸುವ ಚಾಟ್‌ಬಾಟ್ ಅನ್ನು ಮಕ್ಕಳಿಂದಲೇ ಕಟ್ಟಿಸುವುದು ಚಟುವಟಿಕೆ. ಗೂಗಲ್ 2018ರಲ್ಲಿ ಬಿಡುಗಡೆ ಮಾಡಿದ ಟೆನ್ಸರ್‌ಫ್ಲೋ.ಜೆಎಸ್ ಬಳಸಿದೆವು. ಅದರ ಕಡತವನ್ನು ಮೊದಲೇ ಪೆನ್‌ಡ್ರೈವ್‌ನಲ್ಲಿ ತಂದಿಟ್ಟುಕೊಂಡರೆ ಪ್ರಯೋಗಾಲಯಕ್ಕೆ ಅಂತರ್ಜಾಲ ಬೇಕಿಲ್ಲ. ತರಬೇತಿಯೂ ಉತ್ತರವೂ ಬ್ರೌಸರ್‌ನೊಳಗೇ ನಡೆಯುತ್ತವೆ. ಮಕ್ಕಳು ಟೈಪ್ ಮಾಡಿದ್ದು ಯಾವ ಸರ್ವರ್‌ಗೂ ಹೋಗುವುದಿಲ್ಲ.

ಸಮಯ, ದಂಡ, ಎರವಲು, ಹುಡುಕಾಟ, ಸದಸ್ಯತ್ವ ಎಂದು ಐದು ವಿಷಯ. ಒಂದೊಂದಕ್ಕೆ ಮಕ್ಕಳು ಬರೆದ ಎಂಟೆಂಟು ಪ್ರಶ್ನೆ. ನಲವತ್ತು ವಾಕ್ಯಗಳ ಪದಗಳನ್ನೆಲ್ಲ ಪಟ್ಟಿ ಮಾಡಿ, ಪದ ಇದ್ದರೆ 1, ಇಲ್ಲದಿದ್ದರೆ 0 ಎಂದು ಗುರುತಿಸಿದೆವು. ನಡುವೆ 16 ಘಟಕಗಳ ಒಂದೇ ಪದರ, ಕೊನೆಗೆ ಐದು ವಿಷಯಗಳಿಗೆ ಸಾಧ್ಯತೆ ಹಂಚುವ ಸಾಫ್ಟ್‌ಮ್ಯಾಕ್ಸ್. ಉತ್ತರಗಳನ್ನು ನಾವೇ ಬರೆದಿಟ್ಟಿರುತ್ತೇವೆ. ಮಾದರಿ ವಿಷಯವನ್ನಷ್ಟೇ ಆರಿಸುತ್ತದೆ. ಹಳೆಯ ಕಂಪ್ಯೂಟರ್ ಸಾಕು.

‘ದಂಡ ಎಷ್ಟು?’ ಎಂದರೆ ಸರಿಯಾದ ಉತ್ತರ ಬಂತು. ‘ದಂಡವೆಷ್ಟಾಗುತ್ತದೆ?’ ಎಂದರೆ ಗ್ರಂಥಾಲಯ ತೆರೆಯುವ ಸಮಯ ಹೇಳಿತು. ಇನ್ನಷ್ಟು ವಾಕ್ಯ ಸೇರಿಸೋಣ ಎಂದು ನಾನು ಹೊರಟೆ. ಹಿಂದಿನ ಬೆಂಚಿನ ಹುಡುಗಿ ಕೇಳಿದಳು: “ದಂಡ ಅಂತ ಅದರಲ್ಲೇ ಇದೆಯಲ್ಲ, ಅದಕ್ಕೆ ಯಾಕೆ ಕಾಣಲಿಲ್ಲ?” ನನ್ನ ಪಾಠ ಟಿಪ್ಪಣಿಯಲ್ಲಿ ಈ ಪ್ರಶ್ನೆಗೆ ಜಾಗವೇ ಇರಲಿಲ್ಲ.

ಎರಡನೇ ಅವಧಿ ಕಪ್ಪುಹಲಗೆಯಲ್ಲೇ ಶುರುವಾಯಿತು. ದಂಡ, ಎಷ್ಟು, ಆಗುತ್ತದೆ: ಆಗಮಸಂಧಿ, ಲೋಪಸಂಧಿ ಎರಡನ್ನೂ ಮಕ್ಕಳೇ ಗುರುತಿಸಿದರು. ನಮಗೆ ಮೂರು ಪದ, ಯಂತ್ರಕ್ಕೆ ಪಟ್ಟಿಯಲ್ಲಿಲ್ಲದ ಒಂದೇ ಪದ. ಹಾಗಾಗಿ ಪದದ ಬದಲು ಅಕ್ಕಪಕ್ಕದ ಎರಡೆರಡು ಅಕ್ಷರಗಳ ತುಣುಕು ಮಾಡಿದೆವು: ದಂಡ, ಡವೆ, ವೆಷ್ಟಾ, ಷ್ಟಾಗು... ಮೊದಲ ತುಣುಕೇ ಹೊಂದಿತು. ಇಲ್ಲಿ ಒಂದು ಎಚ್ಚರಿಕೆ. ‘ಪುಸ್ತಕ’ದ ಉದ್ದ ಕೇಳಿದರೆ ಜಾವಾಸ್ಕ್ರಿಪ್ಟ್ 6 ಎನ್ನುತ್ತದೆ, ಮೂರು ಅಕ್ಷರ ಎನ್ನುವುದಿಲ್ಲ, ಅದು ಗುಣಿತ ಚಿಹ್ನೆಯನ್ನೂ ಒತ್ತಕ್ಷರದ ವಿರಾಮವನ್ನೂ ಬೇರೆಬೇರೆ ಎಣಿಸುತ್ತದೆ. ಅಕ್ಷರ ಬಿಡಿಸುವ ನಿಯಮವನ್ನು ನಾವೇ ಬರೆಯಬೇಕು. ವ್ಯಾಕರಣ ಚೆನ್ನಾಗಿ ಬಲ್ಲ ಮಕ್ಕಳು ಇದನ್ನು ಕೋಡ್ ಬಲ್ಲವರಿಗಿಂತ ಬೇಗ ಹಿಡಿದರು.

ತಪ್ಪು ಉತ್ತರವನ್ನು ಅಷ್ಟು ಧೈರ್ಯವಾಗಿ ಹೇಳಿದ್ದೇಕೆ ಎಂಬುದು ಉಳಿದಿತ್ತು. ಯಾವ ಪದವೂ ಹೊಂದದಿದ್ದಾಗ ಒಳಗೆ ಹೋಗುವುದು ಬರೀ ಸೊನ್ನೆಗಳು. ಆದರೂ ಸಾಫ್ಟ್‌ಮ್ಯಾಕ್ಸ್ ಒಟ್ಟು 1 ಆಗುವಂತೆ ಐದಕ್ಕೂ ಪಾಲು ಹಂಚುತ್ತದೆ, ಯಾವುದೋ ಒಂದು ಮುಂದಾಗುತ್ತದೆ. ಪರೀಕ್ಷೆಯಲ್ಲಿ ಗೊತ್ತಿಲ್ಲದ ಬಹು ಆಯ್ಕೆ ಪ್ರಶ್ನೆಗೂ ಗುರುತು ಹಾಕಿ ಬರುವಂತೆ, ಎಂದ ಒಬ್ಬ. ತುಣುಕು ಒಂದೂ ಹೊಂದದಿದ್ದರೆ, ಇಲ್ಲವೇ ಗರಿಷ್ಠ ಸಾಧ್ಯತೆ 0.6ಕ್ಕಿಂತ ಕಡಿಮೆಯಿದ್ದರೆ ‘ನನಗೆ ಗೊತ್ತಿಲ್ಲ, ಗ್ರಂಥಪಾಲಕರನ್ನು ಕೇಳಿ’ ಎನ್ನುವಂತೆ ಮಾಡಿದೆವು. ಈ 0.6 ನಮ್ಮ ಅಂದಾಜು. ಪ್ರಶಿಕ್ಷಣಾರ್ಥಿಗಳು ಇದನ್ನು ಮಕ್ಕಳಿಂದಲೇ ಹೆಚ್ಚುಕಡಿಮೆ ಮಾಡಿಸಿ ನೋಡಬೇಕು.

ಮೌಲ್ಯಮಾಪನಕ್ಕೆ ಪ್ರತಿ ಗುಂಪು ಇನ್ನೊಂದು ಗುಂಪಿನ ಬಾಟ್ ಅನ್ನು ಸೋಲಿಸುವ ಪ್ರಶ್ನೆ ಬರೆಯಬೇಕಿತ್ತು. ‘ಫೈನ್ ಕಟ್ಬೇಕಾ?’ ಎಲ್ಲವನ್ನೂ ಸೋಲಿಸಿತು. ಫೈನ್ ಎಂದರೆ ದಂಡವೇ ಎಂದು ಅಕ್ಷರಗಳ ತುಣುಕು ಹೇಳಲಾರದು. ಮುಂದಿನ ಘಟಕವನ್ನು ಅಲ್ಲಿಂದ ಆರಂಭಿಸಲಿದ್ದೇನೆ.