ಸಂದರ್ಶನದಲ್ಲಿ ಒಂದು ಜಗಳದ ಪ್ರಶ್ನೆ

ಉದ್ಯೋಗಕ್ಕಾಗಿ ಸಂದರ್ಶನಕ್ಕೆ ಹೋಗುವ ತರುಣ ತರುಣಿಯರಿಗೆ ಈಗ ಒಂದು ಪ್ರಶ್ನೆ ಎದುರಾಗುವುದು ಸಾಮಾನ್ಯ: "ಜೊತೆಯಲ್ಲಿ ಕೆಲಸ ಮಾಡುವವರೊಡನೆ ನಿಮಗೆ ಎಂದಾದರೂ ಮನಸ್ತಾಪ ಬಂದುದುಂಟೆ? ಅದನ್ನು ಹೇಗೆ ಪರಿಹರಿಸಿಕೊಂಡಿರಿ?" ನ್ಯೂಟನ್ನನ ನಿಯಮಗಳನ್ನು ತಡೆಯಿಲ್ಲದೆ ಒಪ್ಪಿಸಬಲ್ಲವರೂ ಇಲ್ಲಿ ತಡವರಿಸುತ್ತಾರೆ. "ನನಗೆ ಯಾರೊಡನೆಯೂ ಜಗಳವೇ ಆಗಿಲ್ಲ" ಎಂದುಬಿಡುವವರುಂಟು. ಅದು ಸೌಜನ್ಯದ ಉತ್ತರವೆಂದು ಅವರ ಭಾವನೆ. ಕೇಳಿದವರಿಗಾದರೋ ಅದು ಉತ್ತರವೇ ಅಲ್ಲ.

ಇದಕ್ಕೆ ಕಾರಣವನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನಾ ವಿಮಾನದಳಕ್ಕೆ ಯೋಗ್ಯರನ್ನು ಆರಿಸುವ ಕಾರ್ಯದಲ್ಲಿ ಜಾನ್ ಫ್ಲಾನಗನ್ ಎಂಬ ಮನಶ್ಶಾಸ್ತ್ರಜ್ಞರು ತೊಡಗಿದ್ದರು. "ಇವನಲ್ಲಿ ನಿರ್ಧಾರಶಕ್ತಿ ಸಾಲದು" ಎಂಬಂಥ ಮೋಘಂ ಅಭಿಪ್ರಾಯಗಳಿಂದ ಹೆಚ್ಚು ಪ್ರಯೋಜನವಿಲ್ಲವೆಂದು ಕಂಡು, ಅವರೂ ಅವರ ಸಂಗಡಿಗರೂ ನಡೆದ ಘಟನೆಗಳನ್ನೇ ಸಂಗ್ರಹಿಸತೊಡಗಿದರು: ಏನಾಯಿತು? ಆಗ ಆತ ಏನು ಮಾಡಿದ? ಫಲವೇನು? ಈ ವಿಧಾನವನ್ನು ಫ್ಲಾನಗನ್ 1954ರಲ್ಲಿ ವಿವರವಾಗಿ ಪ್ರಕಟಿಸಿದರು. 1980ರ ದಶಕದಲ್ಲಿ ಉದ್ಯೋಗ ಸಂದರ್ಶನಗಳೂ ಇದೇ ಜಾಡನ್ನು ಹಿಡಿದವು. ಒಬ್ಬನು ಮುಂದೆ ಹೇಗೆ ನಡೆದುಕೊಳ್ಳುವನೆಂಬುದನ್ನು ಅವನು ಹಿಂದೆ ನಡೆದುಕೊಂಡ ರೀತಿಯಿಂದ ಊಹಿಸುವುದೇ ಇದರ ತತ್ತ್ವ. ಘಟನೆಯೇ ಇಲ್ಲದ ಉತ್ತರದಲ್ಲಿ ಅಳೆಯುವುದಕ್ಕೆ ಏನಿದೆ?

ಘಟನೆಯನ್ನು ಹೇಳಹೊರಟಾಗ ಇನ್ನೊಂದು ತೊಡಕುಂಟು. 1967ರಲ್ಲಿ ಎಡ್ವರ್ಡ್ ಜೋನ್ಸ್ ಮತ್ತು ವಿಕ್ಟರ್ ಹ್ಯಾರಿಸ್ ಎಂಬವರು, ಕ್ಯೂಬಾದ ಕ್ಯಾಸ್ಟ್ರೋ ಅವರ ಪರವಾಗಿಯೋ ವಿರುದ್ಧವಾಗಿಯೋ ಬರೆದ ಪ್ರಬಂಧಗಳನ್ನು ವಿದ್ಯಾರ್ಥಿಗಳಿಗೆ ಓದಲು ಕೊಟ್ಟರು. ಬರೆದವನಿಗೆ ಪಕ್ಷವನ್ನು ಆರಿಸುವ ಸ್ವಾತಂತ್ರ್ಯವಿರಲಿಲ್ಲವೆಂದು ತಿಳಿಸಿದಾಗಲೂ, ಓದಿದವರು ಅದು ಅವನ ಸ್ವಂತ ನಂಬಿಕೆಯೇ ಎಂಬ ಕಡೆಗೆ ವಾಲಿದರು. ಇತರರ ನಡತೆಯನ್ನು ಕಂಡಾಗ ಅವರ ಸ್ವಭಾವ ನಮ್ಮ ಕಣ್ಣಿಗೆ ಬೀಳುವಷ್ಟು ಸುಲಭವಾಗಿ ಅವರ ಪರಿಸ್ಥಿತಿ ಬೀಳುವುದಿಲ್ಲ. ಜಗಳವಾಡಿ ಬಂದವನ ಕಥೆಯಲ್ಲಂತೂ ಎದುರಾಳಿ ಯಾವಾಗಲೂ ದುಷ್ಟನೇ!

ಕೆಲಸದ ಅನುಭವವಿಲ್ಲದ ವಿದ್ಯಾರ್ಥಿಯೊಬ್ಬನು ಕಾಲೇಜಿನ ಪ್ರಯೋಗಶಾಲೆಯ ಪ್ರಸಂಗವನ್ನು ಹೇಳುವನೆಂದಿಟ್ಟುಕೊಳ್ಳಿ. "ನನ್ನ ಜೊತೆಗಾರ ಸೋಮಾರಿ. ಎಲ್ಲವನ್ನೂ ನಾನೇ ಮಾಡಬೇಕಾಯಿತು. ಕೊನೆಗೆ ಅಧ್ಯಾಪಕರಿಗೆ ದೂರು ಕೊಟ್ಟೆ" ಎಂಬುದು ಒಂದು ಬಗೆ. ಇನ್ನೊಂದು ಬಗೆ ಹೀಗೆ: "ನಮ್ಮಿಬ್ಬರಿಗೂ ಒಂದೇ ಬ್ಯೂರೆಟ್ಟು. ಮೂರು ವಾರ ಅವನು ಅರ್ಧ ಗಂಟೆ ತಡವಾಗಿ ಬಂದ. ನಾನು ಎಲ್ಲರೆದುರಿಗೆ ಒರಟಾಗಿ ಮಾತಾಡಿದೆ. ಅದು ನನ್ನ ತಪ್ಪು. ಮರುದಿನ ಅವನೊಬ್ಬನನ್ನೇ ಕಂಡು ಕೇಳಿದಾಗ, ಅವನ ಊರಿನ ಬಸ್ಸು ಬರುವುದೇ ಆ ಹೊತ್ತಿಗೆಂದು ತಿಳಿಯಿತು. ದ್ರಾವಣಗಳನ್ನು ನಾನು ಸಿದ್ಧಪಡಿಸುವುದು, ಲೆಕ್ಕ ಮತ್ತು ವರದಿಯನ್ನು ಅವನು ಬರೆಯುವುದು ಎಂದು ಹಂಚಿಕೊಂಡೆವು. ಆಮೇಲೆ ನಮ್ಮ ವರದಿ ತಡವಾಗಲಿಲ್ಲ."

ಎರಡನೆಯದರಲ್ಲಿ ಬಸ್ಸು ಬಂದುದನ್ನು ಗಮನಿಸಿರಿ. ಸೋಮಾರಿತನವೆಂದು ತೋರಿದ್ದು ಬಸ್ಸಿನ ವೇಳೆಯಾಗಿತ್ತು. ಕೇಳಿದುದರಿಂದ ಮಾತ್ರ ಅದು ತಿಳಿಯಿತು. ತನ್ನ ತಪ್ಪನ್ನು ಒಪ್ಪಿಕೊಂಡರೆ ಕೆಲಸ ಕೈತಪ್ಪೀತೆಂಬ ಹೆದರಿಕೆ ಸಹಜವೇ. ಆದರೆ ಅನುಭವಸ್ಥರಾದ ಸಂದರ್ಶಕರು "ಈ ಸಂಗತಿಯನ್ನು ಆ ಗೆಳೆಯ ಹೇಳಿದರೆ ಹೇಗೆ ಹೇಳಿಯಾನು?" ಎಂದು ಮತ್ತೆ ಕೇಳಬಹುದು. ಕಟ್ಟಿದ ಕಥೆ ಸಾಮಾನ್ಯವಾಗಿ ಇಲ್ಲಿಯೇ ಕುಸಿಯುವುದು.

ಎಲ್ಲ ಜಗಳಗಳೂ ರಾಜಿಗೆ ತಕ್ಕವೆಂದು ಮಾತ್ರ ತಿಳಿಯಬಾರದು. ಆ ಜೊತೆಗಾರ ಅಳತೆಗಳನ್ನು ತೆಗೆಯದೆ ಅಂಕಿಗಳನ್ನು ಸುಮ್ಮನೆ ಬರೆದುಬಿಟ್ಟಿದ್ದರೆ? ಅಂಥ ಕಡೆ, "ಮೊದಲು ಅವನಿಗೇ ಹೇಳಿದೆ, ಒಪ್ಪದಿದ್ದಾಗ ಅಧ್ಯಾಪಕರಿಗೆ ತಿಳಿಸಿದೆ, ಸ್ನೇಹ ಮುರಿಯಿತು" ಎಂಬ ಉತ್ತರವೇ ಸರಿಯಾದುದು. ಸ್ನೇಹ ಮತ್ತೆ ಕೂಡಿತೆಂದು ಕೊನೆಯಲ್ಲಿ ಸೇರಿಸುವ ಅಗತ್ಯವಿಲ್ಲ.