ಟ್ಯೂಬಿನ ಆಯುಷ್ಯ

ಗಂಗೊಳ್ಳಿಯ ಬಂದರಿನ ದಾರಿಯಲ್ಲಿ ನಿತ್ಯವೂ ಓಡಾಡುವ ಹಳೆಯ ಮೋಟಾರ್ ಸೈಕಲ್ಲಿನ ಚಕ್ರವನ್ನು ಬಿಚ್ಚಿದಾಗ, ಟ್ಯೂಬಿನ ಒಳಮಗ್ಗುಲಿಗೆ ಕೆಂಪು ಪುಡಿ ಅಂಟಿರುವುದುಂಟು. ಟ್ಯೂಬು ಎಷ್ಟು ಕಾಲ ಬಾಳುವುದೆಂಬ ಪ್ರಶ್ನೆಗೆ ಈ ಊರಿನ ಉತ್ತರ ಆ ಪುಡಿಯಲ್ಲಿದೆ.

ಕಡಲ ಉಪ್ಪು ರಬ್ಬರನ್ನು ತಿನ್ನುವುದೆಂದು ಕೆಲವರು ಭಾವಿಸಬಹುದು. ಅದು ನಿಜವಲ್ಲ. ಇಂದಿನ ಟ್ಯೂಬುಗಳಲ್ಲಿ ಹೆಚ್ಚಿನವು ಬ್ಯುಟೈಲ್ ರಬ್ಬರಿನವು. 1937ರಲ್ಲಿ ಅಮೆರಿಕದ ಥಾಮಸ್ ಮತ್ತು ಸ್ಪಾರ್ಕ್ಸ್ ಎಂಬ ರಸಾಯನಶಾಸ್ತ್ರಜ್ಞರು ತಯಾರಿಸಿದ ಈ ವಸ್ತುವಿನ ಅಣುಸರಪಳಿಯಲ್ಲಿ ದ್ವಿಬಂಧಗಳು ಬಲು ವಿರಳ. ಆದುದರಿಂದ ಆಮ್ಲಜನಕವಾಗಲಿ ಓಜೋನ್ ಆಗಲಿ ಅದನ್ನು ಸುಲಭವಾಗಿ ಮುರಿಯಲಾರದು.

ಉಪ್ಪು ತಿನ್ನುವುದು ಉಕ್ಕಿನ ರಿಮ್ಮನ್ನೂ ಸ್ಪೋಕುಗಳ ತುದಿಗಳನ್ನೂ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವುದರಿಂದ ಕಬ್ಬಿಣವು ಬೇಗ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಮೂಲಲೋಹಕ್ಕಿಂತ ಹೆಚ್ಚು ಜಾಗ ಬೇಕು. ಅದು ಹಕ್ಕಳೆಯಾಗಿ ಮೇಲೇಳುತ್ತದೆ. ಅದರ ಮೇಲಿನ ರಬ್ಬರ್ ಪಟ್ಟಿ ಸವೆದಿದ್ದರೆ, ಟ್ಯೂಬನ್ನು ಅರದಿಂದ ಉಜ್ಜಿದಂತಾಗುತ್ತದೆ. ಗಾಳಿ ಕಡಿಮೆಯಿದ್ದರಂತೂ ಟೈರು ರಿಮ್ಮಿನ ಮೇಲೆ ಜರುಗಿ ವಾಲ್ವಿನ ಬುಡವನ್ನೇ ಎಳೆಯುತ್ತದೆ. ಅಲ್ಲಿ ಹರಿದರೆ ಗಾಳಿಯೆಲ್ಲ ಕ್ಷಣದಲ್ಲಿ ಹೋಗುವುದು. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ ಇರುವ ಮರವಂತೆಯ ಹೆದ್ದಾರಿಯಲ್ಲಿ, ಅದೂ ಮುಂದಿನ ಚಕ್ರದಲ್ಲಿ, ಹೀಗಾದರೆ ಸವಾರನ ಗತಿಯೇನು?

ಆದುದರಿಂದ ಇಷ್ಟೇ ವರ್ಷವೆಂದು ಲೆಕ್ಕ ಹಾಕಿ ಕುಳಿತಿರುವುದು ಸರಿಯಲ್ಲ. ಮೊಳೆ ಚುಚ್ಚಿದ ಒಂದು ತೂತಿಗೆ ತೇಪೆ ಸಾಕು. ವಾಲ್ವಿನ ಬುಡದಲ್ಲಿ ಬಿರುಕು, ಒಳಮಗ್ಗುಲಲ್ಲಿ ಸವೆತ, ಡೀಸೆಲ್ ತಗಲಿ ಉಬ್ಬಿದ ಭಾಗ ಕಂಡರೆ ತೇಪೆಯ ಮಾತೇ ಬೇಡ. ಹೊಸ ಟೈರಿಗೆ ಹೊಸ ಟ್ಯೂಬೇ ತಕ್ಕುದು; ಹಿಗ್ಗಿದ ಹಳೆಯದು ಅದರೊಳಗೆ ಮಡಿಚಿಕೊಂಡು, ಮಡಿಕೆಯಲ್ಲಿಯೇ ಸೀಳುತ್ತದೆ. ಅದನ್ನು ಹಾಕುವ ಮೊದಲು ರಿಮ್ಮಿನ ತುಕ್ಕನ್ನು ಉಜ್ಜಿ ತೆಗೆದು, ಬಣ್ಣ ಬಳಿದು, ಹೊಸ ಪಟ್ಟಿ ಹಾಸಬೇಕು.